ದೋಣಿಯ ತಳದ ವಾಲ್ವ್ ತಿರುಗುತ್ತಿಲ್ಲ, ಹಿತ್ತಾಳೆದು ಹಾಕಿಬಿಡಲಾ?

ಪ್ರಶ್ನೆ: ಸರ್, ನಮ್ಮದು ಮುನಿರಾಬಾದ್ ಹತ್ತಿರ, ತುಂಗಭದ್ರಾ ಡ್ಯಾಂ ಹಿನ್ನೀರಿನ ದಂಡೆ. ಮೀನು ಸಾಗಿಸೋದಕ್ಕೆ ಅಂತ ಮಲ್ಪೆ ಕಡೆಯಿಂದ ಒಂದು ಹಳೇ ಫೈಬರ್ ದೋಣಿ ಲಾರಿ ಮೇಲೆ ಹಾಕಿಸಿಕೊಂಡು ತಂದಿದ್ದೇವೆ. 26 ಅಡಿ, ಒಳಗೇ ಡೀಸೆಲ್ ಇಂಜಿನ್. ತಳದಲ್ಲಿ ಎರಡು ವಾಲ್ವ್ ಇವೆ. ಇಂಜಿನ್‌ಗೆ ನೀರು ಎಳೆಯುವ ಒಂದು ಇಂಚಿನದು ತೆರೆದಂತೆಯೇ ಬಿಗಿದುಕೊಂಡಿದೆ, ಹಿಡಿಕೆ ಅಲುಗಾಡಲ್ಲ. ಇನ್ನೊಂದು ಒಂದೂವರೆ ಇಂಚಿನದು, ಮೊದಲು ಡೆಕ್ ತೊಳೆಯುವ ಪಂಪಿಗೆ ಇತ್ತಂತೆ, ಈಗ ಉಪಯೋಗವಿಲ್ಲ, ಆದರೆ ಹನಿ ಹನಿ ಸೋರುತ್ತದೆ. ಹಾರ್ಡ್‌ವೇರ್ ಅಂಗಡಿಯ ಹಿತ್ತಾಳೆ ಬಾಲ್ ವಾಲ್ವ್ ಹಾಕಿದರೆ ಮುಗೀತು, ಸಿಹಿನೀರು ತಾನೇ, ಏನೂ ಆಗಲ್ಲ ಅಂತ ನಮ್ಮೂರ ಪ್ಲಂಬರ್ ಹೇಳುತ್ತಾನೆ. ಹಾಕಿಸಲಾ? ವರ್ಷಕ್ಕೆ ಏನೇನು ನೋಡಿಕೊಳ್ಳಬೇಕು?

ಉತ್ತರ: ಹಿತ್ತಾಳೆ ವಿಷಯ ಆಮೇಲೆ. ಮೊದಲು ಒಂದು ಮಾತು ಕೇಳಿ. ದೋಣಿ ನೀರಲ್ಲಿ ಇರುವವರೆಗೆ ಆ ಬಿಗಿದ ಹಿಡಿಕೆಗೆ ಜೋರು ಹಾಕಬೇಡಿ. ಹಿಡಿಕೆಗೆ ಪೈಪು ತೂರಿಸಿ ಎಳೆಯೋದಂತೂ ಬೇಡವೇ ಬೇಡ. ಪ್ಲಂಬರ್‌ಗೂ ಇವತ್ತೇ ಹೇಳಿಬಿಡಿ, ಯಾಕೆಂದರೆ ಮನೆ ನಲ್ಲಿ ರಿಪೇರಿ ಮಾಡುವವರಿಗೆ ಪೈಪ್ ರೆಂಚ್ ಕೈಗೆ ಬಂದರೆ ಸುಮ್ನೆ ಇರೋಕಾಗಲ್ಲ.

ನಾನು ಈಗ ಗಂಗಾವತಿಯಲ್ಲಿ ಪಂಪ್‌ಸೆಟ್ಟು, ಡೀಸೆಲ್ ಇಂಜಿನ್ನು ರಿಪೇರಿ ಮಾಡಿಕೊಂಡಿದ್ದೇನೆ. ಅದಕ್ಕೂ ಮೊದಲು ಎಂಟು ವರ್ಷ ಕರಾವಳಿಯ ಒಂದು ದೋಣಿ ಯಾರ್ಡಿನಲ್ಲಿ ಇದ್ದೆ. ಅಲ್ಲಿಗೆ ಹೋದ ಎರಡನೇ ವರ್ಷ ನಾನೇ ಈ ತಪ್ಪು ಮಾಡಿದವನು. ದೋಣಿ ಜೆಟ್ಟಿಗೆ ಕಟ್ಟಿತ್ತು. ಒಂದೂವರೆ ಇಂಚಿನ ವಾಲ್ವ್, ನಿಮ್ಮದರಂತೆಯೇ ಬಿಗಿದಿತ್ತು. ಎರಡು ಅಡಿ ಪೈಪು ಸಿಕ್ಕಿಸಿ ಒಂದು ಸಲ ಎಳೆದೆ. ವಾಲ್ವ್ ತಿರುಗಲಿಲ್ಲ. ತಳಕ್ಕೆ ಕೂತಿದ್ದ ಥ್ರೆಡ್ ಇರುವ ಕೊಳವೆಯೇ ಬುಡದಲ್ಲಿ ಲಟಕ್ ಅಂತ ಮುರಿದು, ಇಡೀ ವಾಲ್ವು ಹೋಸ್ ಪೈಪಿನ ಸಮೇತ ನನ್ನ ಕೈಗೆ ಬಂತು. ಕೆಳಗಿಂದ ಮುಂಗೈ ದಪ್ಪ ನೀರು ಎದ್ದಿತು. ಅಂಗೈ ಒತ್ತಿದೆ, ನಿಲ್ಲಲಿಲ್ಲ. ಮೇಲೆ ಕೂತು ಸುಟ್ಟ ಮೆಕ್ಕೆಜೋಳ ತಿನ್ನುತ್ತಿದ್ದ ಮೇಸ್ತ್ರಿ ಕೆಳಗೆ ಇಳಿದವರೇ, ಒಂದು ಮಾತೂ ಆಡದೆ ಹೆಗಲ ಮೇಲಿನ ಟವೆಲ್ಲಿನ ಒಂದು ತುದಿ ಹರಿದು, ಕೈಯಲ್ಲಿದ್ದ ಜೋಳದ ದಿಂಡಿಗೆ ಸುತ್ತಿ, ತೂತಿಗೆ ತುರುಕಿದರು. ಅದರ ಮೇಲೆ ಮೊಣಕಾಲು ಊರಿಕೊಂಡು ನಾನು ಮುಕ್ಕಾಲು ಗಂಟೆ ಕೂತಿದ್ದೆ, ದೋಣಿಯನ್ನು ದಡಕ್ಕೆ ಎಳೆಯುವವರೆಗೆ.

ಆಮೇಲೆ ಮೇಸ್ತ್ರಿ ಆ ಮುರಿದ ತುಂಡನ್ನು ನನ್ನ ಕೈಗೆ ಕೊಟ್ಟು, ಮುರಿದ ಜಾಗ ಯಾವ ಬಣ್ಣ ಇದೆ ನೋಡು ಅಂದರು. ಹಿತ್ತಾಳೆ ಅಂದರೆ ಹಳದಿ ಇರಬೇಕಲ್ವಾ. ಇದು ಒಳಗೆಲ್ಲ ಗುಲಾಬಿ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು, ಹೊರಮೈ ಮಾತ್ರ ಗಟ್ಟಿ ಇತ್ತು.

ಅದು ಯಾಕೆ ಹಾಗಾಗುತ್ತದೆ ಅಂದರೆ, ಹಿತ್ತಾಳೆ ಅನ್ನೋದು ತಾಮ್ರ ಮತ್ತು ಸತುವಿನ ಬೆರಕೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಹಿತ್ತಾಳೆ ವಾಲ್ವಿನಲ್ಲಿ ಸತು ಸುಮಾರು ನೂರಕ್ಕೆ 40 ಇರುತ್ತದೆ. ಉಪ್ಪುನೀರಲ್ಲಿ ಆ ಸತು ಮೆಲ್ಲಗೆ ಕರಗಿ ಹೊರಟುಹೋಗುತ್ತದೆ. ಉಳಿಯೋದು ತೂತು ತೂತಾದ ತಾಮ್ರ, ಅದಕ್ಕೇ ಆ ಗುಲಾಬಿ ಬಣ್ಣ. ಆಕಾರ ಹಾಗೇ ಇರುತ್ತದೆ, ಒಂದು ಕೂದಲಷ್ಟೂ ಸವೆದಂತೆ ಕಾಣಲ್ಲ, ಆದರೆ ಬಲ ಇರಲ್ಲ. ಕಬ್ಬಿಣವಾದರೆ ಕೆಂಪಗೆ ತುಕ್ಕು ಬಂದು ಮೊದಲೇ ಹೇಳುತ್ತದೆ, ಹಿತ್ತಾಳೆ ಹೇಳಲ್ಲ.

ಈಗ ನಿಮ್ಮ ಪ್ಲಂಬರ್ ಮಾತಿಗೆ ಬರೋಣ. ಸಿಹಿನೀರಲ್ಲಿ ಹಿತ್ತಾಳೆ ಜಾಸ್ತಿ ದಿನ ಬಾಳುತ್ತದೆ ಅನ್ನೋದು ನಿಜ. ಅಷ್ಟು ಮಟ್ಟಿಗೆ ಅವನು ಸುಳ್ಳು ಹೇಳಿಲ್ಲ. ಆದರೆ ಎರಡು ವಿಷಯ ಮರೆತಿದ್ದಾನೆ. ಒಂದು, ನಿಮ್ಮ ದೋಣಿ ಹುಟ್ಟಿದ್ದು ಸಿಹಿನೀರಲ್ಲಲ್ಲ. ಎಷ್ಟೋ ವರ್ಷ ಉಪ್ಪುನೀರು ಕುಡಿದು ಬಂದಿದೆ. ವಾಲ್ವ್ ಮಾತ್ರ ಹೊಸದು ಹಾಕಿ, ಅದು ಕೂತಿರುವ ತಳದ ಕೊಳವೆ ಹಳೆಯದೇ ಉಳಿಸಿದರೆ ಏನು ಬಂತು? ನನ್ನ ಕೈಲಿ ಮುರಿದದ್ದು ವಾಲ್ವ್ ಅಲ್ಲ, ಆ ಕೊಳವೆ. ಎರಡನೆಯದು, ಸಿಹಿನೀರಲ್ಲೂ ಸತು ಬಿಡುವುದು ಪೂರ್ತಿ ನಿಲ್ಲಲ್ಲ. ನೀರು ಬೆಚ್ಚಗಿದ್ದು, ಹರಿಯದೆ ಒಂದೇ ಕಡೆ ನಿಂತಿದ್ದರೆ ಅದಕ್ಕೆ ಅನುಕೂಲ. ಉಪಯೋಗಿಸದ ಆ ಒಂದೂವರೆ ಇಂಚಿನ ವಾಲ್ವಿನೊಳಗೆ ಇರೋದು ಅದೇ ತರಹದ ನೀರು.

ಬಾಳಿಕೆಯ ಬಗ್ಗೆ ಇನ್ನೊಂದು. ಯುರೋಪಿನವರು ದೋಣಿಯ ಲೋಹದ ವಾಲ್ವ್‌ಗಳಿಗೆ ಐಎಸ್ಒ 9093 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇಟ್ಟುಕೊಂಡಿದ್ದಾರೆ. ಅದರ 1994ರ ಆವೃತ್ತಿಯಲ್ಲಿ ತುಕ್ಕು ತಡೆಯುವ ಲೋಹ ಅಂದರೆ ಐದು ವರ್ಷ ದೋಷವಿಲ್ಲದೆ ನಿಂತರೆ ಸಾಕು ಅಂತ ಲೆಕ್ಕ ಇತ್ತು. ಐದೇ ವರ್ಷ! ದೋಣಿ ಇಪ್ಪತ್ತು ಮೂವತ್ತು ವರ್ಷ ಓಡುತ್ತದೆ. ಹಾಗಾಗಿ ಕಂಪನಿಯೇ ಹಾಕಿಕೊಟ್ಟದ್ದು, ಚೆನ್ನಾಗೇ ಇರುತ್ತದೆ ಅನ್ನುವ ಧೈರ್ಯ ಬೇಡ.

ಹಾಗಾದರೆ ಏನು ಹಾಕಬೇಕು? ಕಂಚು, ಅಥವಾ ಗನ್‌ಮೆಟಲ್. ಪಂಪ್ ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ, ಅದರ ವ್ಯವಹಾರ ಮಾಡುವವರಿಗೆ ಗನ್‌ಮೆಟಲ್ ಗೊತ್ತಿರುತ್ತದೆ, ತಾಮ್ರ 85, ಉಳಿದ 15ರಲ್ಲಿ ತವರ, ಸತು, ಸೀಸ ತಲಾ 5. ಸತು ಕಡಿಮೆ, ತವರ ಇದೆ, ಅದಕ್ಕೇ ಬಾಳುತ್ತದೆ. ಅದು ದುಬಾರಿ ಅನ್ನಿಸಿದರೆ ಡಿಝಡ್‌ಆರ್ ಅನ್ನುವ ಹಿತ್ತಾಳೆ ಬರುತ್ತದೆ, ಸತು ಬಿಡದ ಹಾಗೆ ಮಾಡಿದ್ದು. ಮೈಮೇಲೆ ಸಿಆರ್ ಅಂತಲೋ, ಡಿಝಡ್‌ಆರ್ ಅಂತಲೋ, ಸಿಡಬ್ಲ್ಯೂ 602ಎನ್ ಅಂತಲೋ ಒತ್ತಿರುತ್ತಾರೆ. ಸಿಡಬ್ಲ್ಯೂ 617ಎನ್ ಅಂತ ಇದ್ದರೆ ಅದು ಮಾಮೂಲಿ ಹಿತ್ತಾಳೆ. ಏನೂ ಒತ್ತಿರದಿದ್ದರೆ ಅಂಗಡಿಯವನ ಬಾಯಿಮಾತು ನಂಬಬೇಡಿ. ಗಾಜಿನ ನಾರು ಬೆರೆಸಿದ ನೈಲಾನ್ ವಾಲ್ವ್‌ಗಳೂ ಚೆನ್ನಾಗಿವೆ, ಅವು ತುಕ್ಕೇ ಹಿಡಿಯಲ್ಲ, ಆದರೆ ಅವು ದೋಣಿಗೆ ಅಂತಲೇ ಮಾಡಿದವು ಆಗಿರಬೇಕು. ಮನೆ ಟ್ಯಾಂಕಿಗೆ ಹಾಕುವ ಪಿವಿಸಿ ವಾಲ್ವ್ ತಂದು ನೈಲಾನ್ ಅಂತ ಹಾಕಿದವರನ್ನು ನೋಡಿದ್ದೇನೆ, ಒಂದು ಒದೆ ಬಿದ್ದರೆ ಹೋಗುತ್ತದೆ. 316 ನಂಬರಿನ ಸ್ಟೇನ್ಲೆಸ್ ಸ್ಟೀಲ್ ಸಿಹಿನೀರಿಗೆ ನಡೆಯುತ್ತದೆ. ಮುಂದೆ ದೋಣಿಯನ್ನು ಮತ್ತೆ ಕರಾವಳಿಯವರಿಗೇ ಮಾರುವ ಯೋಚನೆ ಇದ್ದರೆ ಅದೂ ಬೇಡ, ಗಾಳಿಯಾಡದ ಸಂದಿಯಲ್ಲಿ ಉಪ್ಪುನೀರು ನಿಂತರೆ ಸ್ಟೀಲಿಗೂ ಗುಳಿ ಬೀಳುತ್ತದೆ.

ಗೇಟ್ ವಾಲ್ವ್, ಅಂದರೆ ಚಕ್ರದ ಹಿಡಿಕೆ ಸುತ್ತಿ ಸುತ್ತಿ ಮುಚ್ಚುವುದು, ದೋಣಿಯ ತಳಕ್ಕೆ ಬೇಡ. ತೆರೆದಿದೆಯೋ ಮುಚ್ಚಿದೆಯೋ ನೋಡಿದರೆ ಗೊತ್ತಾಗಲ್ಲ. ಒಂದು ಕಡ್ಡಿ ಸಿಕ್ಕಿಕೊಂಡರೆ ಪೂರ್ತಿ ಮುಚ್ಚಲ್ಲ, ನೀವು ಮುಚ್ಚಿದೆ ಅಂದುಕೊಂಡು ಮನೆಗೆ ಹೋಗುತ್ತೀರಿ. ಬಾಲ್ ವಾಲ್ವ್ ಆದರೆ ಹಿಡಿಕೆ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ, ಕತ್ತಲಲ್ಲಿ ಕೈಯಾಡಿಸಿದರೂ ತಿಳಿಯುತ್ತದೆ. ಕೊಳ್ಳುವಾಗ ಒಳಗಿನ ತೂತು ನೋಡಿ. ಅಗ್ಗದ ವಾಲ್ವ್‌ಗಳಲ್ಲಿ ಹೊರಗೆ ಒಂದು ಇಂಚು ಅಂತ ಇದ್ದರೂ ಒಳಗೆ ತಿರುಗುವ ಗುಂಡಿನ, ಅಂದರೆ ಬಾಲಿನ, ತೂತು ಮುಕ್ಕಾಲೇ ಇರುತ್ತದೆ, ಇಂಜಿನ್‌ಗೆ ನೀರು ಸಾಲಲ್ಲ.

ಥ್ರೆಡ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ನಮ್ಮಲ್ಲಿ ಸಿಗೋದು ಹೆಚ್ಚಾಗಿ ಬ್ರಿಟಿಷ್ ಅಳತೆಯ ಥ್ರೆಡ್, ಬಿಎಸ್‌ಪಿ. ಅಮೆರಿಕದ ಮಾಲಾದರೆ ಎನ್‌ಪಿಟಿ. ಅರ್ಧ, ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು, ಆದ್ದರಿಂದ ಸೇರಿದಂತೆ ಕಾಣುತ್ತದೆ, ಥ್ರೆಡ್ಡಿನ ಕೋನ ಮಾತ್ರ ಬೇರೆ. ಒಂದರಿಂದ ಎರಡು ಇಂಚಿನವರೆಗೆ ಬಿಎಸ್‌ಪಿಗೆ 11, ಎನ್‌ಪಿಟಿಗೆ 11.5. ಎರಡು ಮೂರು ಸುತ್ತು ಹೋಗಿ ಬಿಗಿಯುತ್ತದೆ, ಪ್ಲಂಬರ್ ಟೆಫ್ಲಾನ್ ಟೇಪ್ ಸುತ್ತಿ ಸುತ್ತಿ ಇನ್ನೂ ಬಿಗಿ ಮಾಡಿ ಎದ್ದು ಹೋಗುತ್ತಾನೆ. ಸೋರಲ್ಲ. ಆದರೆ ವಾಲ್ವು ನಿಂತಿರುವುದು ಆ ಎರಡು ಸುತ್ತಿನ ಮೇಲೆ. ಕೈಯಲ್ಲೇ ಕನಿಷ್ಠ ನಾಲ್ಕೈದು ಸುತ್ತು ಸಲೀಸಾಗಿ ಹೋಗಬೇಕು, ಇಲ್ಲದಿದ್ದರೆ ಅದು ಅದರ ಜೋಡಿ ಅಲ್ಲ.

ಗಟ್ಟಿ ಅಂದರೆ ಎಷ್ಟು ಗಟ್ಟಿ ಅಂತ ಕೇಳಬಹುದು. ಅಮೆರಿಕದ ಎಬಿವೈಸಿ ಅನ್ನುವ ದೋಣಿ ಮಾನದಂಡ ಸಂಸ್ಥೆಯ ಎಚ್-27 ನಿಯಮದ ಪ್ರಕಾರ, ತಳದ ವಾಲ್ವಿನ ಒಳತುದಿಯ ಮೇಲೆ 227 ಕಿಲೋ ಭಾರ 30 ಸೆಕೆಂಡ್ ಬಿದ್ದರೂ ಅದು ಮುರಿಯಬಾರದು, ಸೋರಬಾರದು. ನಮ್ಮ ಗಂಗಾವತಿ ಲೆಕ್ಕದಲ್ಲಿ 75 ಕಿಲೋದ ಭತ್ತದ ಚೀಲ ಮೂರು. ಜಾಸ್ತಿ ಆಯಿತು ಅನ್ನಬೇಡಿ. ಮೀನಿನ ಕ್ರೇಟು ಜಾರಿ ಇಂಜಿನ್ ಪೆಟ್ಟಿಗೆಯೊಳಗೆ ಬಿದ್ದರೆ, ಅಥವಾ ಯಾರಾದರೂ ವಾಲ್ವ್ ಮೇಲೇ ಕಾಲಿಟ್ಟು ಇಳಿದರೆ, ಬೀಳುವ ಪೆಟ್ಟು ಕಡಿಮೆ ಏನಲ್ಲ. ಅದಕ್ಕೇ ತಳದ ಒಳಮೈಗೆ ಫೈಬರ್ ತಟ್ಟೆಯನ್ನೋ, ರಾಳ ಹಚ್ಚಿದ ಮರೀನ್ ಪ್ಲೈವುಡ್ ತಟ್ಟೆಯನ್ನೋ ಕೂರಿಸಿ, ಅದರ ಮೇಲೆ ವಾಲ್ವ್ ಕೂರಿಸುತ್ತಾರೆ. ಬರೀ ನಟ್ಟಿನ ಮೇಲೆ ನಿಂತ ವಾಲ್ವ್ ಇಂಜಿನ್ ನಡುಕಕ್ಕೇ ಸಡಿಲವಾಗುತ್ತದೆ.

ಇನ್ನು ನಿಮ್ಮ ಎರಡು ವಾಲ್ವ್.

ಒಂದೂವರೆ ಇಂಚಿನದಕ್ಕೆ ನನ್ನ ಸಲಹೆ ಸರಳ. ಅದು ಬೇಡ. ಉಪಯೋಗವಿಲ್ಲದ ತೂತು ತಳದಲ್ಲಿ ಯಾಕೆ? ದೋಣಿ ಮೇಲೆ ಬಂದಾಗ ವಾಲ್ವು, ಕೊಳವೆ ಎರಡೂ ಕಿತ್ತುಹಾಕಿ ಫೈಬರ್ ಹಾಕಿಸಿ ಮುಚ್ಚಿಬಿಡಿ. ಮುಚ್ಚುವುದು ಅಂದರೆ ತೂತಿಗೆ ಪುಟ್ಟಿ ಮೆತ್ತುವುದಲ್ಲ. ತೂತಿನ ಸುತ್ತ ಫೈಬರನ್ನು ಬಟ್ಟಲಿನ ಹಾಗೆ ಇಳಿಜಾರಾಗಿ ಉಜ್ಜಬೇಕು, ದಪ್ಪದ 12 ಪಟ್ಟು ಅಗಲ. ತಳ 8 ಮಿಲಿಮೀಟರ್ ದಪ್ಪ ಇದ್ದರೆ ಸುತ್ತಲೂ ಹತ್ತಿರ ಹತ್ತಿರ 10 ಸೆಂಟಿಮೀಟರ್. ಅದರ ಮೇಲೆ ಎಪಾಕ್ಸಿ ರಾಳದಲ್ಲಿ ನೆನೆಸಿದ ಗಾಜಿನ ಬಟ್ಟೆ ಪದರ ಪದರವಾಗಿ. ಇಷ್ಟು ಅಗಲ ಯಾಕೆ ಅಂತ ಫೈಬರ್ ಮಾಡುವವನು ಗೊಣಗುತ್ತಾನೆ, ಬಿಡಬೇಡಿ. ಅಲ್ಲಿಯವರೆಗೆ ಹನಿ ಎಲ್ಲಿಂದ ಬರುತ್ತಿದೆ ನೋಡಿ. ಒಂದು ಒಣಬಟ್ಟೆಯಿಂದ ಎಲ್ಲ ಒರೆಸಿ, ಟಿಶ್ಯೂ ಕಾಗದ ಸುತ್ತಿ ಹತ್ತು ನಿಮಿಷ ಬಿಡಿ, ಮೊದಲು ಎಲ್ಲಿ ಒದ್ದೆಯಾಗುತ್ತದೋ ಅಲ್ಲಿಂದ. ಹಿಡಿಕೆಯ ಕಡ್ಡಿಯ ಬುಡದಿಂದಾದರೆ ಅಲ್ಲಿರುವ ಪುಟ್ಟ ನಟ್ಟನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ನಿಂತುಬಿಡಬಹುದು. ಹೋಸ್ ಪೈಪಿನ ಬಾಯಿಂದಾದರೆ ಕ್ಲಿಪ್ಪು. ತಳದ ಕೊಳವೆಯ ಬುಡದಿಂದ ಬರುತ್ತಿದ್ದರೆ ಮಾತ್ರ ಕಾಯಬೇಡಿ, ಆ ವಾರವೇ ದೋಣಿ ಮೇಲೆ ಎಳೆಸಿ.

ಒಂದು ಇಂಚಿನದು ಇಂಜಿನ್‌ನ ಜೀವ. ಅದನ್ನು ಬಿಡಿಸಲು ನೋಡಬಹುದು, ಆದರೆ ದಡದ ಮೇಲೆ. ಏಪ್ರಿಲ್-ಮೇ ಹೊತ್ತಿಗೆ ಹಿನ್ನೀರು ಹಿಂದೆ ಸರಿದು ನಿಮ್ಮ ದಂಡೆಯಲ್ಲಿ ಅರಲು ಬಯಲಾಗುತ್ತದಲ್ಲ, ಆಗ ದೋಣಿ ತಾನಾಗಿಯೇ ಮೇಲೆ ಕೂರುತ್ತದೆ. ಕರಾವಳಿಯವರು ಇದಕ್ಕೆ ಕ್ರೇನಿಗೆ ದುಡ್ಡು ಕೊಡುತ್ತಾರೆ, ನಿಮಗೆ ಬಿಟ್ಟಿ. ಮೊದಲು ಹೊರಗಿಂದ ತೂತಿನ ಬಾಯಿ ಕೆರೆದು ನೋಡಿ. ಸಮುದ್ರದಲ್ಲಿ ಕಲ್ಲಿನಂಥ ಚಿಪ್ಪು ಬೆಳೆದು ಒಳಗಿನ ಗುಂಡಿಗೇ ಅಂಟಿಕೊಂಡಿರುತ್ತದೆ, ಎಷ್ಟೋ ಸಲ ಬಿಗಿಯೋದು ಅದೇ ಕಾರಣಕ್ಕೆ. ಆಮೇಲೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಬೆಳಿಗ್ಗೆ ಕುದಿಯುವ ನೀರು ಸುರಿದು, ಮರದ ಸುತ್ತಿಗೆಯಿಂದ ಮೈಗೆ ಮೆಲ್ಲಗೆ ತಟ್ಟುತ್ತ, ಹಿಡಿಕೆಯನ್ನು ಆ ಕಡೆ ಈ ಕಡೆ ಕೂದಲೆಳೆಯಷ್ಟು ಆಡಿಸಿ. ಬ್ಲೋಲ್ಯಾಂಪ್ ಹಿಡಿಯಬೇಡಿ, ಒಳಗೆ ಗುಂಡು ಕೂರುವ ಟೆಫ್ಲಾನ್ ಸೀಟೂ ಹೋಗುತ್ತದೆ, ಪಕ್ಕದ ಫೈಬರೂ ಸುಡುತ್ತದೆ.

ತಿರುಗಿತು ಅಂತಿಟ್ಟುಕೊಳ್ಳಿ. ಆಗಲೂ ಚಾಕುವಿನ ತುದಿಯಿಂದ ವಾಲ್ವಿನ ಮೈ, ಕೊಳವೆಯ ಥ್ರೆಡ್ಡು, ತಳದ ಹೊರಮೈಗೆ ಕೂತ ಅದರ ಅಂಚಿನ ಚಾಚು (ಫ್ಲ್ಯಾಂಜ್) ಮೂರನ್ನೂ ಕೆರೆದು ನೋಡಿ. ಹಳದಿ ಅಥವಾ ಕಂದು ಹೊಳಪು ಬಂದರೆ ಸರಿ. ಗುಲಾಬಿ ಬಂದರೆ, ತಿರುಗಲಿ ಬಿಡಲಿ, ಎರಡನ್ನೂ ಕಿತ್ತು ಹೊಸದು ಹಾಕಿ. ಸ್ಪ್ಯಾನರ್‌ನಿಂದ ತಟ್ಟಿದಾಗ ಗಂಟೆಯ ಹಾಗೆ ಟಣ್ ಅನ್ನಬೇಕು, ಒಣ ಕುಂಬಳಕಾಯಿ ತಟ್ಟಿದ ಹಾಗೆ ಡಬ್ ಅಂದರೆ ಅನುಮಾನ ಪಡಿ.

ಹೊಸದು ಕೂರಿಸುವಾಗ ಚಾಚಿನ ಕೆಳಗೆ ಪಾಲಿಸಲ್ಫೈಡ್ ಅಥವಾ ಪಾಲಿಯುರಿಥೇನ್ ಸೀಲೆಂಟ್, ಬಾತ್‌ರೂಮಿಗೆ ಹಚ್ಚುವ ಸಿಲಿಕಾನ್ ಅಲ್ಲ. ನೈಲಾನ್ ವಾಲ್ವ್ ಆದರೆ ಯಾವ ಸೀಲೆಂಟ್ ಆಗುತ್ತದೆ ಅಂತ ಅದರ ಚೀಟಿ ಓದಿ, ಕೆಲವು ಪ್ಲಾಸ್ಟಿಕ್ಕನ್ನು ಪಾಲಿಸಲ್ಫೈಡ್ ತಿನ್ನುತ್ತದೆ. ಹೊರಗಿಂದ ಒಬ್ಬರು ಹಿಡಿದುಕೊಂಡಿರಲಿ. ಹೋಸಿಗೆ ಸ್ಟೀಲ್ ಕ್ಲಿಪ್ ಎರಡು, ಆದರೆ ಕೊಳವೆಯ ಬಾಯಿ ಉದ್ದ ಇದ್ದರೆ ಮಾತ್ರ. ಗಿಡ್ಡ ಬಾಯಿಗೆ ಎರಡು ಕ್ಲಿಪ್ ಹಾಕಿದರೆ ಎರಡನೆಯದು ಹೋಸನ್ನೇ ಕತ್ತರಿಸುತ್ತದೆ. ಕ್ಲಿಪ್ ಕೊಳ್ಳುವಾಗ ಆಯಸ್ಕಾಂತ ಹಿಡಿದು ನೋಡಿ. ಪಟ್ಟಿ ಸ್ಟೀಲು, ಸ್ಕ್ರೂ ಮಾತ್ರ ಕಬ್ಬಿಣ, ಹೀಗೆ ಮಾರುತ್ತಾರೆ.

ಹೋಸ್ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು. ವಿಡಿಯೊಗಳಲ್ಲಿ ವಿದೇಶದವರು ಚಳಿಗೆ ವಾಲ್ವಿನೊಳಗಿನ ನೀರು ಹೆಪ್ಪುಗಟ್ಟಿ ಮೈ ಒಡೆಯುತ್ತದೆ, ಹುಷಾರು ಅನ್ನುತ್ತಾರೆ. ಕೊಪ್ಪಳದಲ್ಲಿ ಆ ಚಿಂತೆ ಬಿಡಿ. ನಮಗೆ ತೊಂದರೆ ಬಿಸಿಲಿನದು. ಮೇ ತಿಂಗಳಲ್ಲಿ ಮುಚ್ಚಿದ ಇಂಜಿನ್ ಪೆಟ್ಟಿಗೆಯೊಳಗೆ ಕೈ ಇಡೋಕಾಗಲ್ಲ, ಹೋಸು ಒಣ ಚಪಾತಿ ಹಾಗಾಗುತ್ತದೆ. ಬೆರಳಲ್ಲಿ ಒತ್ತಿದಾಗ ಬಿರುಕು ಕಂಡರೆ ಬದಲಿಸಿ. ವಾಲ್ವ್ ಚಿನ್ನದ್ದೇ ಆಗಿರಲಿ, ಹೋಸ್ ಹರಿದರೆ ನೀರು ಬರುವುದು ಅದೇ ತೂತಿನಿಂದ ತಾನೇ. ಎಷ್ಟು ಬರುತ್ತದೆ ಗೊತ್ತಾ? ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗಿರುವ ಒಂದು ಇಂಚಿನ ತೂತಿನಿಂದ ನಿಮಿಷಕ್ಕೆ ಕಡಿಮೆ ಅಂದರೂ 55 ಲೀಟರ್, ಅಂದರೆ ಹತ್ತಿರ ಹತ್ತಿರ ಮೂರು ಕುಡಿಯುವ ನೀರಿನ ಕ್ಯಾನ್. ಒಂದೂವರೆ ಇಂಚಾದರೆ 120 ದಾಟುತ್ತದೆ. ಬಕೆಟ್ಟಲ್ಲಿ ಎತ್ತಿ ಹಾಕುತ್ತೇನೆ ಅನ್ನುವವರು ಒಂದು ಸಲ ಮನೆ ತೊಟ್ಟಿಯಲ್ಲಿ ಪ್ರಯತ್ನ ಮಾಡಿ ನೋಡಲಿ.

ವರ್ಷಕ್ಕೆ ಏನು ಮಾಡಬೇಕು ಅಂದಿರಿ. ವರ್ಷಕ್ಕಲ್ಲ, ತಿಂಗಳಿಗೆ. ತಿಂಗಳಿಗೆ ಎರಡು ಸಲ ವಾಲ್ವನ್ನು ಪೂರ್ತಿ ಮುಚ್ಚಿ, ಪೂರ್ತಿ ತೆಗೆಯಿರಿ, ಐದಾರು ಬಾರಿ. ಅಷ್ಟೇ. ಇದರ ಮುಕ್ಕಾಲು ಪಾಲು ಕೆಲಸ ಇಷ್ಟೇ, ನಿಜ ಹೇಳಬೇಕೆಂದರೆ. ನಿಮ್ಮ ವಾಲ್ವ್ ಬಿಗಿದಿರೋದು ಅದು ಕೆಟ್ಟದ್ದು ಅಂತಲ್ಲ, ಹಿಂದಿನ ಯಜಮಾನ ವರ್ಷಗಟ್ಟಲೆ ಮುಟ್ಟಿಲ್ಲ ಅಂತ. ನಮ್ಮ ರೈತರ ಹೊಲದಲ್ಲೂ ಇದೇ ಕತೆ, ಪೈಪ್‌ಲೈನಿನ ಕೊನೆಯ ವಾಲ್ವನ್ನು ಹಾಕಿದ ದಿನ ತೆರೆದದ್ದು, ಮೋಟರ್ ಸುಟ್ಟ ದಿನ ಮುಚ್ಚೋಕೆ ಹೋಗುತ್ತಾರೆ. ದೋಣಿ ಬಿಟ್ಟು ಮನೆಗೆ ಹೋಗುವಾಗಲೆಲ್ಲ ಮುಚ್ಚುವ ಅಭ್ಯಾಸ ಮಾಡಿಕೊಂಡರೆ ಬೇರೆ ಲೆಕ್ಕ ಇಡೋದೂ ಬೇಡ, ದಿನಾ ತಿರುಗಿದಂತಾಯಿತು. ಆದರೆ ಮುಚ್ಚಿದ್ದು ಮರೆತು ಇಂಜಿನ್ ಶುರು ಮಾಡಿದರೆ ನೀರಿಲ್ಲದೆ ರಬ್ಬರ್ ಇಂಪೆಲ್ಲರ್ ಒಂದೆರಡು ನಿಮಿಷದಲ್ಲಿ ಸುಟ್ಟುಹೋಗುತ್ತದೆ. ಅದಕ್ಕೆ ಕರಾವಳಿಯಲ್ಲಿ ಒಂದು ಉಪಾಯ ಕಲಿತೆ, ವಾಲ್ವ್ ಮುಚ್ಚಿದ ಮೇಲೆ ಇಂಜಿನ್ ಕೀಲಿಯನ್ನು ಅದೇ ಹಿಡಿಕೆಗೆ ನೇತುಹಾಕಿ. ಕೀಲಿ ಬೇಕಾದರೆ ಅಲ್ಲಿಗೇ ಬಗ್ಗಬೇಕು.

ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಗ್ರೀಸು. ವಾಲ್ವ್ ಮುಚ್ಚಿ, ಹೊರಗಿನ ಬಾಯಿಂದ ಬ್ರಶ್ಶಿಗೆ ನೀರಿಗೆ ಕರಗದ ಗ್ರೀಸ್ ಹಚ್ಚಿ ಗುಂಡಿನ ಮೇಲೆ ಸವರಿ, ಒಳಗಿಂದ ಹೋಸ್ ಬಿಚ್ಚಿ ಆ ಕಡೆಯೂ ಸವರಿ, ಹತ್ತಾರು ಸಲ ತಿರುಗಿಸಿ. ನೈಲಾನ್ ವಾಲ್ವಿಗೆ ಮಾಮೂಲಿ ಗ್ರೀಸ್ ಬೇಡ, ಸಿಲಿಕಾನ್ ಗ್ರೀಸ್.

ಹಿನ್ನೀರಿಗೆ ಅದರದೇ ಆದ ಕಾಟ ಇದೆ. ನಮ್ಮ ಡ್ಯಾಮಿನಲ್ಲಿ ಹೂಳು ಎಷ್ಟಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, 133 ಟಿಎಂಸಿ ಹಿಡಿಯುತ್ತಿದ್ದದ್ದು 105ಕ್ಕೆ ಬಂದಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಇಂಜಿನ್ ಎಳೆಯೋದು ಅರ್ಧ ನೀರು ಅರ್ಧ ಕೆಸರು. ವಾಲ್ವಿನ ಸೀಟಿಗೆ ಅದು ಮರಳು ಕಾಗದ ಇದ್ದ ಹಾಗೆ. ವಾಲ್ವ್ ಆದ ಮೇಲೆ ಒಂದು ಜಾಲರಿ ಡಬ್ಬಿ ಹಾಕಿಸಿ, ಪಾರದರ್ಶಕ ಮುಚ್ಚಳದ್ದು, ದಿನಾ ಬೆಳಿಗ್ಗೆ ಒಂದು ನೋಟ. ನೀರು ಹಸಿರಾಗುವ ದಿನಗಳಲ್ಲಿ ಎರಡು ನೋಟ. ಕೆಸರಲ್ಲಿ ಕೂತಿದ್ದ ದೋಣಿ ಮತ್ತೆ ತೇಲಿದ ಮೊದಲ ದಿನ ವಾಲ್ವನ್ನು ಹತ್ತು ಬಾರಿ ಆಡಿಸಿಯೇ ಇಂಜಿನ್ ಶುರು ಮಾಡಿ. ಹಾಗೇ, ದೋಣಿಗೆ ಸತುವಿನ ಆನೋಡ್ ಗಟ್ಟಿ, ಅಂದರೆ ಬೇರೆ ಲೋಹದ ಬದಲು ತಾನು ಸವೆಯಲಿ ಅಂತ ಹಾಕುವ ತುಂಡು, ಬೋಲ್ಟ್ ಮಾಡಿದ್ದರೆ ಅದು ಸಮುದ್ರದ್ದು, ಸಿಹಿನೀರಲ್ಲಿ ಅದರ ಮೇಲೆ ಪದರ ಕಟ್ಟಿ ಸುಮ್ನೆ ಕೂತಿರುತ್ತದೆ. ಇಲ್ಲಿಗೆ ಮ್ಯಾಗ್ನೀಷಿಯಂದು ಬೇಕು.

ನಮ್ಮ ಆನೆಗೊಂದಿ ಹರಿಗೋಲಿಗೆ ಇದ್ಯಾವ ತಲೆನೋವೂ ಇಲ್ಲ ನೋಡ್ರಿ. ತಳದಲ್ಲಿ ತೂತೇ ಇಲ್ಲ. ಇಂಜಿನ್ ಒಳಗಿಟ್ಟ ಮೇಲೆ ಇದೆಲ್ಲ ಬಂತು.

ಕೊನೆಗೆ, ದೋಣಿ ಮೇಲೆ ಬರುವವರೆಗಿನ ಏರ್ಪಾಡು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟ್ ಕೊಚ್ಚಿಹೋದಾಗ, ಹರಿಯುವ ನೀರಲ್ಲೇ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ಉಕ್ಕಿನ ಹಲಗೆ, ಇಳಿಸಿ ಒಂದು ವಾರದಲ್ಲಿ ನಿಲ್ಲಿಸಿದರಲ್ಲ, ನಿಮ್ಮ ದೋಣಿಗೂ ಅಂಥದ್ದೊಂದು ಬೇಕು. ಬಡಗಿಯ ಹತ್ತಿರ ಮೆದು ಮರದ ಬೆಣೆ ಎರಡು ಮಾಡಿಸಿ, ಕ್ಯಾರೆಟ್ ಆಕಾರ, ಒಂದು ಒಂದು ಇಂಚಿನ ತೂತಿಗೆ, ಇನ್ನೊಂದು ಒಂದೂವರೆ ಇಂಚಿಗೆ. ಬಣ್ಣ, ವಾರ್ನಿಶ್ ಹಚ್ಚಬೇಡಿ, ನೀರು ಕುಡಿದು ಉಬ್ಬಿದರೇ ಅದು ಬಿಗಿಯೋದು. ಆಯಾ ವಾಲ್ವಿನ ಬುಡಕ್ಕೇ ದಾರದಲ್ಲಿ ಕಟ್ಟಿ, ಪಕ್ಕದಲ್ಲಿ ಒಂದು ಸುತ್ತಿಗೆ. ಪೆಟ್ಟಿಗೆಯಲ್ಲಿ ಇಟ್ಟರೆ ಬೇಕಾದಾಗ ಸಿಗಲ್ಲ, ನನಗೆ ಅವತ್ತು ಜೋಳದ ದಿಂಡು ಸಿಕ್ಕಿದ್ದೇ ಪುಣ್ಯ. ಕೆಲಸಕ್ಕೆ ಬರುವ ಹುಡುಗರಿಗೂ ಬೆಣೆ ಎಲ್ಲಿದೆ ಅಂತ ತೋರಿಸಿಡಿ. ಏಪ್ರಿಲ್‌ನಲ್ಲಿ ದೋಣಿ ಮೇಲೆ ಕೂತ ಮೇಲೆ ಕೆರೆದ ಜಾಗದ ಫೋಟೊ ಹಗಲು ಬೆಳಕಲ್ಲಿ ತೆಗೆದು ಕಳಿಸಿ, ಫ್ಲ್ಯಾಶ್ ಹಾಕಬೇಡಿ, ಅದರಲ್ಲಿ ಬಣ್ಣ ಸರಿಯಾಗಿ ತಿಳಿಯಲ್ಲ.